ಹುಳಕ್ಕೆ ಬೆಳ್ಳಿ ಹುಡುಕಿ ಕೊರಿಯಾಕ್ಕೆ

ಕೆಂಗಲ್

ಅಕ್ಕೂರಿನವರು ಬೆಂಗಳೂರಿಗೆ ಹೊರಟರೂ ದಾರಿಯಲ್ಲಿ ಕೆಂಗಲ್ ಆಂಜನೇಯನಿಗೆ ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. ಕೊರಿಯಾಕ್ಕೆ ಹೊರಟವನು ಹಾಗೇ ದಾಟಿಹೋದರೆ ಮನೆಯಲ್ಲಿ ಕೇಳುವವರಿದ್ದರು. ಕಾರು ನಿಲ್ಲಿಸಿ ಎಂದೆ. ಕಂಪನಿಯ ರಘು ಕೈಗಡಿಯಾರ ನೋಡಿಕೊಂಡು ಬೂಟು ಬಿಚ್ಚಿದ. ಅರ್ಚಕರು ಯಾವ ಊರಿಗೆ ಪ್ರಯಾಣ ಎಂದು ಕೇಳಿದರು. ಕೊರಿಯಾ ಎಂದೆ. ಅದನ್ನು ಸಂಕಲ್ಪದಲ್ಲಿ ಎಲ್ಲಿ ಸೇರಿಸುವುದೆಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಪೂರ್ವ ದಿಕ್ಕಿನ ಪ್ರಯಾಣ ಎಂದು ಹೇಳಿ ತೀರ್ಥ ಕೊಟ್ಟರು.

ಯಾಕೆ ಹೊರಟೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನದು ರೇಷ್ಮೆ ಚಾಕಿ ಕೇಂದ್ರ. ಮೊಟ್ಟೆಯಿಂದ ಆಗತಾನೆ ಹೊರಬಂದ ಇರುವೆಯಷ್ಟು ಮರಿಗಳನ್ನು ಎರಡನೇ ಜ್ವರ ಕಳೆಯುವವರೆಗೆ ಸಾಕಿ, ಆಮೇಲೆ ರೈತರ ಮನೆಗಳಿಗೆ ಹಂಚುವುದು ನಮ್ಮ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು, ಹಳೇ ಚರ್ಮ ಕಳಚಿ ಏಳುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ.

ನಮ್ಮಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಪ್ರತಿ ಸಲ ಮರಿ ಹಂಚುವಾಗ ಅದೇ ಮರಿಗಳಲ್ಲಿ ಒಂದು ತಟ್ಟೆಯನ್ನು ನಾವೇ ಉಳಿಸಿಕೊಂಡು, ಬೀದಿಗೆ ಕಿಟಕಿಯಿರುವ ಕೋಣೆಯಲ್ಲಿಟ್ಟು, ಹೋಗಿಬರುವವರಿಗೆಲ್ಲ ಕಾಣುವಂತೆ ಗೂಡು ಕಟ್ಟುವವರೆಗೆ ಸಾಕುತ್ತೇವೆ. ಅದಕ್ಕೆ ಮನೆ ತಟ್ಟೆ ಎಂದು ಹೆಸರು. ರೈತನ ಹುಳ ಸತ್ತು ಮನೆ ತಟ್ಟೆ ಚೆನ್ನಾಗಿದ್ದರೆ ತಪ್ಪು ರೈತನದು. ಮನೆ ತಟ್ಟೆಯೇ ಸತ್ತರೆ ಮರಿಯಲ್ಲೇ ರೋಗ ಬಂದಿದೆ ಎಂದರ್ಥ. ಆಗ ಯಾರೂ ಜಗಳ ಆಡುವುದಿಲ್ಲ. ಎಲ್ಲರೂ ತಮ್ಮ ಹುಳಗಳನ್ನು ಗುಂಡಿಗೆ ಹಾಕಿ, ಸುಣ್ಣ ಸುರಿದು, ರೋಗ ಮುಂದಿನ ಬೆಳೆಗೆ ಉಳಿಯದಿರಲಿ ಎಂದು ಮನೆ ತೊಳೆದುಕೊಳ್ಳುತ್ತಾರೆ.

ಆ ವರ್ಷ ಸತತ ಎರಡು ಬೆಳೆ ಮನೆ ತಟ್ಟೆ ಸತ್ತಿತ್ತು. ಹಾಲುತೊಂಡೆ ರೋಗ. ಹುಳದ ಮೈ ಊದಿಕೊಂಡು, ಮುಟ್ಟಿದರೆ ಒಡೆದು, ಹಾಲಿನಂಥ ನೀರು ಸುರಿಯುತ್ತದೆ. ಅರ್ಧ ಜನ ಮಾಗಡಿ ಕಡೆಯ ಇನ್ನೊಂದು ಚಾಕಿ ಕೇಂದ್ರಕ್ಕೆ ಹೊರಟುಹೋದರು. ಉಳಿದವರು ಉಳಿದದ್ದು ನಿಂಗವ್ವನ ಮುಖ ನೋಡಿಕೊಂಡು. ನಿಂಗವ್ವ ಊರಾಚೆ ಹೊಲದ ಮನೆಯಲ್ಲಿದ್ದುಕೊಂಡು ಸೊಪ್ಪು, ಹುಳ, ದನ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ಹೆಂಗಸು. ನಮ್ಮಪ್ಪನ ಕಾಲದಿಂದ ನಮ್ಮಲ್ಲೇ ಮರಿ ತೆಗೆದುಕೊಂಡವಳು.

"ಮೂರ್ನೇ ಸಲಾನೂ ನಿನ್ತಾವ್ಲೇ ತಕತ್ತೀನಿ ಕಣಪ್ಪ," ಎಂದಿದ್ದಳು. "ಅದೂ ಹೋದ್ರೆ ಆಮೇಲೆ ನನ್ನ ಕೇಳ್ಬ್ಯಾಡ."

ಮೂರನೆಯದೂ ಹೋದರೆ ಕೇಂದ್ರಕ್ಕೆ ಬೀಗ. ಅಂಥ ಹೊತ್ತಿನಲ್ಲಿ ರಘು ಬಂದ. ಅವನು ಬೆಂಗಳೂರಿನವನು, ಒಂದು ಕೊರಿಯಾ ಕಂಪನಿಯ ಪರವಾಗಿ ನ್ಯಾನೊ ಬೆಳ್ಳಿ ನೀರು ಮಾರುತ್ತಿದ್ದ. ಹುಳಕ್ಕೆ, ಕೋಳಿಗೆ, ತರಕಾರಿಗೆ, ಎಲ್ಲದಕ್ಕೂ ಒಂದೇ ನೀರು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅದನ್ನು ಕ್ಯಾನಿಗೆ ತುಂಬುವ ಶೆಡ್ ಏಳುತ್ತಿತ್ತು. ನನ್ನನ್ನು ಕೊರಿಯಾಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಾರೆ, ನಾನು ವಾಪಸು ಬಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೈತರಿಗೆಲ್ಲ ಕಣ್ಣಾರೆ ನೋಡಿದೆ ಎಂದು ಹೇಳಬೇಕು, ಇಷ್ಟೇ ಮಾತು. ನನಗೂ ಔಷಧಿ ಬೇಕಿತ್ತು. ಒಪ್ಪಿಕೊಂಡೆ.

ಜೊತೆಗೆ ನನ್ನ ಹೆಂಡತಿ ಜಯಮ್ಮನ ತಮ್ಮ ಪುಟ್ಟಸ್ವಾಮಿ. ಕನಕಪುರದ ಹತ್ತಿರ ಮೊಟ್ಟೆ ಕೋಳಿ ಸಾಕುತ್ತಾನೆ. ಅವನ ಕೋಳಿಮನೆಯನ್ನೂ ರಘು ನೋಡಿಕೊಂಡು ಬಂದಿದ್ದ. ಪುಟ್ಟಸ್ವಾಮಿಗೆ ನ್ಯಾನೊ ಮೇಲೆ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ವಿಮಾನ ಹತ್ತುವ ಆಸೆಯಿತ್ತು.

ಆಕಾಶದಲ್ಲಿ

ಬೆಂಗಳೂರಿನ ಹಳೇ ವಿಮಾನ ನಿಲ್ದಾಣದಲ್ಲಿ ಪುಟ್ಟಸ್ವಾಮಿಯ ಚೀಲ ಬಿಚ್ಚಿಸಿದರು. ಬಟ್ಟೆಗಿಂತ ಹೆಚ್ಚಾಗಿ ಹುರುಳಿಕಾಳಿನ ಚಟ್ನಿಪುಡಿ, ರಾಗಿಹಿಟ್ಟು, ಜಯಮ್ಮ ಅವತ್ತು ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟಿದ್ದ ರಾಗಿಮುದ್ದೆ. ತಪಾಸಣೆಯ ಹುಡುಗಿ ಉತ್ತರದ ಕಡೆಯವಳು. ಮುದ್ದೆಯನ್ನು ಯಂತ್ರದೊಳಗೆ ಮತ್ತೆ ಕಳಿಸಿ ನೋಡಿದಳು. ಒಳಗೆ ಏನಿದೆ ಎಂದು ಕೇಳಿದಳು. ಒಳಗೂ ಅದೇ ಎಂದ ಪುಟ್ಟಸ್ವಾಮಿ. ಅವರ ಸಾಹೇಬರೊಬ್ಬರು ನಮ್ಮ ಕಡೆಯವರಿದ್ದುದರಿಂದ ಬಿಟ್ಟರು.

ವಿಮಾನದಲ್ಲಿ ರಘು ನಮಗೆ ನ್ಯಾನೊ ಪಾಠ ಹೇಳಿದ. ಬೆಳ್ಳಿಯನ್ನು ಒಡೆದು, ಒಡೆದದ್ದನ್ನು ಮತ್ತೆ ಒಡೆದು, ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣ ಸಾಲಾಗಿ ನಿಲ್ಲುವಷ್ಟು ಸಣ್ಣ ಮಾಡುತ್ತಾರಂತೆ. ಅಷ್ಟು ಸಣ್ಣದಾದಾಗ ಬೆಳ್ಳಿಯ ಗುಣವೇ ಬದಲಾಗಿ, ರೋಗದ ಕ್ರಿಮಿಗೆ ತಗುಲಿ ಅದನ್ನು ಕೊಲ್ಲುತ್ತದಂತೆ. ನಾನು ಗಮನ ಕೊಟ್ಟು ಕೇಳಿದೆ. ನನಗೆ ಅದು ನಿಜವಾಗಲಿ ಎಂಬ ಆಸೆ ಬಹಳ ಇತ್ತು.

"ಕಣ್ಣಿಗೆ ಕಾಣಕಿಲ್ವಾ?" ಎಂದ ಪುಟ್ಟಸ್ವಾಮಿ.

"ಇಲ್ಲ. ವಿಶೇಷ ಯಂತ್ರ ಬೇಕು."

"ಹಂಗಾದ್ರೆ ನೀರ್ಗೆ ಬೆಳ್ಳಿ ಹಾಕವ್ರೋ ಇಲ್ವೋ ನಂಗೆಂಗ್ ಗೊತ್ತಾಯ್ತದೆ?"

ಕ್ಯಾನಿನ ಮೇಲೆ ಬರೆದಿರುತ್ತದೆ ಎಂದ ರಘು. ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟ.

ಸೋಲ್

ಕೊರಿಯಾದ ರಾಜಧಾನಿ ಸೋಲ್ ಪಟ್ಟಣದಲ್ಲಿ ನನಗೆ ಮೊದಲು ಹಿಡಿಸಿದ್ದು ಜನ ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತು ಉಣ್ಣುವುದು. ಅಷ್ಟು ದೊಡ್ಡ ಕಟ್ಟಡ, ಅಷ್ಟು ದೊಡ್ಡ ಕಾರು, ಊಟಕ್ಕೆ ಮಾತ್ರ ಚಕ್ಕಂಬಕ್ಕಲ. ಹಿಡಿಸದ್ದು ಕಡ್ಡಿ. ಬೇರೆ ದೇಶಗಳಲ್ಲಿ ಮರದ ಕಡ್ಡಿಯಂತೆ, ಇಲ್ಲಿ ಉಕ್ಕಿನದು. ನುಣುಪಾದ ಉಕ್ಕಿನ ಕಡ್ಡಿಯಲ್ಲಿ ಅನ್ನ ಹಿಡಿಯುವುದೆಂದರೆ ಕೆಸರಿನಲ್ಲಿ ಹಾವುಮೀನು ಹಿಡಿದ ಹಾಗೆ. ಮೊದಲ ದಿನ ನಾನು ಉಂಡದ್ದಕ್ಕಿಂತ ಮಡಿಲಿಗೆ ಹಾಕಿಕೊಂಡದ್ದೇ ಹೆಚ್ಚು. ಊಟ ಬಡಿಸುವ ಹೆಂಗಸು ಚಮಚ ತಂದಿಟ್ಟು ಹೋದಳು.

ಅವರು ಊಟದ ಜೊತೆ ಹುಳಿಬಂದ ಕೋಸು ತಿನ್ನುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನಾವು ಮುದ್ದೆಯ ಬಗ್ಗೆ ಮಾತಾಡುವ ಹಾಗೆ ಅವರು ಆ ಕೋಸಿನ ಬಗ್ಗೆ ಮಾತಾಡುತ್ತಾರೆ. ಯಾರ ಮನೆಯದು ಚೆನ್ನ, ಅವ್ವ ಮಾಡುತ್ತಿದ್ದುದು ಹೇಗಿತ್ತು ಎಂದು. ಅದನ್ನು ನೋಡಿ ನನಗೆ ಆ ಜನ ನಮ್ಮವರೇ ಅನ್ನಿಸಿಬಿಟ್ಟಿತು.

ಹೋಟೆಲಿನ ಕೋಣೆಯ ಫ್ರಿಜ್ಜಿಗೂ ಬೆಳ್ಳಿ ಲೇಪ. ಒಳಗಿಟ್ಟದ್ದು ಬೇಗ ಕೆಡುವುದಿಲ್ಲವಂತೆ. ಪುಟ್ಟಸ್ವಾಮಿ ಪರೀಕ್ಷೆಗೆ ಇಳಿದ. ಒಂದು ಮುದ್ದೆ ಫ್ರಿಜ್ಜಿನಲ್ಲಿ, ಇನ್ನೊಂದು ಕಿಟಕಿಯ ಹತ್ತಿರ. ಫ್ರಿಜ್ಜಿನಲ್ಲಿಟ್ಟದ್ದು ಬೀಸುವ ಕಲ್ಲಿನಷ್ಟು ಗಟ್ಟಿಯಾಯಿತು. ಕಿಟಕಿಯದ್ದು ಏನಾಯಿತೆಂದು ತಿಳಿಯಲಿಲ್ಲ. ಕೋಣೆ ಗುಡಿಸುವವಳು ಅದನ್ನು ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ಒಂದು ಸೋಪು ಇಟ್ಟಿದ್ದಳು.

ಶೋರೂಮು, ಕೋಳಿಮನೆ

ಕಂಪನಿಯ ಯಜಮಾನರ ಹೆಸರು ಚೋಯ್. ನಗುಮುಖದ ಮನುಷ್ಯ. ಬಾಗಿ ನಮಸ್ಕರಿಸಿದರು. ನಾವೂ ಬಾಗಿದೆವು. ಅವರು ಮತ್ತೆ ಬಾಗಿದರು. ಇದನ್ನು ಯಾರು ಮೊದಲು ನಿಲ್ಲಿಸಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶೋರೂಮಿನಲ್ಲಿ ಬೆಳ್ಳಿ ಇಲ್ಲದ ವಸ್ತು ಇರಲಿಲ್ಲ. ಬೆಳ್ಳಿಯ ಅಕ್ಕಿ ಡಬ್ಬಿ, ಮೊಟ್ಟೆ ತಟ್ಟೆ, ಹಲ್ಲುಜ್ಜುವ ಪೇಸ್ಟು, ಮಗುವಿನ ಹಾಲಿನ ಬಾಟಲಿ, ಕಾಲುಚೀಲ. ಸೊಪ್ಪಿನ ತರಕಾರಿಗೆ ಚಿಮುಕಿಸುವುದು ಒಂದು, ಬಿತ್ತನೆ ಬೀಜ ನೆನೆಸುವುದು ಇನ್ನೊಂದು. ಗೊಬ್ಬರವನ್ನೂ ಹೀಗೇ ಸಣ್ಣ ಮಾಡಿ ಎಲೆಗೆ ಕೊಡುವ ದಿನ ಬರುತ್ತದೆ, ಮೂಟೆ ಹೊರುವುದು ತಪ್ಪುತ್ತದೆ ಎಂದರು ಚೋಯ್. ಮೂಟೆ ಹೊತ್ತು ಬೆನ್ನು ಬಾಗಿದವರನ್ನು ನೆನೆಸಿಕೊಂಡು ನಾನು ಆ ಮಾತಿಗೆ ಮನಸಾರೆ ತಲೆಯಾಡಿಸಿದೆ. ಅವರು ತೋರಿಸಿದ ನೀರು ಮಾತ್ರ ಸಾದಾ ನೀರಿನಂತೆಯೇ ಇತ್ತು. ಹಾಲು ಹಾಕದ ತೆಳು ಟೀ ಸೋಸಿದ ಹಾಗೆ ಸ್ವಲ್ಪ ಹಳದಿ.

ಅಲ್ಲಿಂದ ಕೋಳಿಮನೆ. ಕುಡಿಯುವ ನೀರಿಗೆ ಬೆಳ್ಳಿ. ಕೋಳಿಗಳು ಚೆನ್ನಾಗಿದ್ದವು, ವಾಸನೆಯೂ ಕಡಿಮೆ. ಪುಟ್ಟಸ್ವಾಮಿ ಮೂಗೆಳೆದು ನೋಡಿ ಮೊದಲ ಸಲ ಗಂಭೀರನಾದ. ಒಂದು ಕೋಳಿ ಎತ್ತಿಕೊಂಡು, ರೆಕ್ಕೆ ಬಿಡಿಸಿ, ಕಾಲು ನೋಡಿ, ಕೆಳಗೆ ಬಿಟ್ಟು ಕೇಳಿದ.

"ಸಾರ್, ಕೋಳಿ ಬೆಳ್ಳಿ ಕುಡೀತು. ಬೆಳ್ಳಿ ಹಿಕ್ಕೇಲಿ ಬತ್ತದೆ. ಹಿಕ್ಕೆ ಹೊಲಕ್ಕೋಯ್ತದೆ. ಹೊಲದಲ್ಲಿ ಬೆಳ್ಳಿ ಏನ್ ಮಾಡ್ತದೆ?"

ರಘು ಇಂಗ್ಲಿಷಿನಲ್ಲಿ ಕೇಳಿದ. ಚೋಯ್ ಬಹಳ ಒಳ್ಳೆಯ ಪ್ರಶ್ನೆ ಎಂದು ಪುಟ್ಟಸ್ವಾಮಿಯ ಕೈ ಕುಲುಕಿದರು. ನಾವು ಕಾಯುತ್ತಾ ನಿಂತೆವು. ಅವರು ನಮ್ಮನ್ನು ಟೀಗೆ ಕರೆದುಕೊಂಡು ಹೋದರು.

ನಾನು ಕೇಳಿದ್ದು ಒಂದೇ. ಹುಳದ ಮನೆ ಯಾವಾಗ ತೋರಿಸುತ್ತೀರಿ? ನಾಳೆ ಎಂದರು. ಮಾರನೇ ದಿನವೂ ನಾಳೆ ಎಂದರು. ಇಷ್ಟು ದೂರ ಹಾರಿ ಬಂದು ತಾಲೂಕು ಕಚೇರಿಯ ಮಾತು ಕೇಳುವ ಹಾಗಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ಊರಿನಲ್ಲಿ ಜಯಮ್ಮ ಹೊಸ ಬೆಳೆಗೆ ಮನೆ ತೊಳೆಯುತ್ತಿದ್ದಳು. ಈ ಸಲದ ಮರಿ ಉಳಿಯಬೇಕೆಂದರೆ ನಾನು ನೋಡಬೇಕಾದ್ದು ಹುಳ, ಕಾಲುಚೀಲವಲ್ಲ.

ಲೋಟದ ತುಂಬ ಹುಳ

ಸಂಜೆ ಚೋಯ್ ನಮ್ಮನ್ನು ಸಂತೆಯಂಥ ಬೀದಿಗೆ ಕರೆದುಕೊಂಡು ಹೋದರು. ನೀವು ರೇಷ್ಮೆಯವರಲ್ಲವೇ, ನಿಮಗೆ ವಿಶೇಷ ಎಂದು ಕಾಗದದ ಲೋಟವೊಂದನ್ನು ನನ್ನ ಕೈಗಿತ್ತರು. ವಾಸನೆಗೇ ಗೊತ್ತಾಯಿತು. ರಾಮನಗರದ ನೂಲು ಬಿಚ್ಚುವ ಮನೆಗಳ ಹಿಂದೆ ನಡೆದವರಿಗೆ ಆ ವಾಸನೆ ಏಳು ಜನ್ಮಕ್ಕೂ ಮರೆಯುವುದಿಲ್ಲ. ಗೂಡಿನೊಳಗಿನ ಹುಳ. ಬೇಯಿಸಿ, ಕಡ್ಡಿ ಚುಚ್ಚಿ ಕೊಟ್ಟಿದ್ದರು. ಶಾಲೆ ಬಿಟ್ಟ ಮಕ್ಕಳು ನಮ್ಮಲ್ಲಿ ಕಡ್ಲೆಪುರಿ ತಿನ್ನುವ ಹಾಗೆ ತಿನ್ನುತ್ತಿದ್ದವು.

ನಾವೇನು ಸಸ್ಯಾಹಾರಿಗಳಲ್ಲ. ಮಾರಿಹಬ್ಬದಲ್ಲಿ ನಮ್ಮ ಮನೆಯಲ್ಲೂ ಕುರಿಮರಿ ಕಡಿಯುತ್ತೇವೆ. ಆದರೆ ಹುಳದ ಮನೆಗೆ ಹೋಗುವಾಗ ನಾನು ಕೈ ಮುಗಿದು ಒಳಗೆ ಹೋಗುವವನು. ನನ್ನ ಮನೆ ಕಟ್ಟಿಸಿದ್ದು ಅದು, ನನ್ನ ತಂಗಿಯ ಮದುವೆ ಮಾಡಿದ್ದು ಅದು. ಲೋಟ ಹಿಡಿದುಕೊಂಡು ನಿಂತುಬಿಟ್ಟೆ.

ಪುಟ್ಟಸ್ವಾಮಿ ನನ್ನ ಕೈಯಿಂದ ಲೋಟ ತೆಗೆದುಕೊಂಡ. "ನಮ್ ಕೋಳಿಗೂ ಇದ್ನೇ ಒಣಗ್ಸಿ ಹಾಕದು ಭಾವ. ಕೋಳಿ ತಿಂದಿದ್ನ ನಾವು ತಿಂತೀವಿ. ನಡುವೆ ಕೋಳಿ ಯಾಕೆ?" ಎಂದು ಎರಡು ಬಾಯಿಗೆ ಹಾಕಿಕೊಂಡು, ಚೋಯ್ ಕಡೆ ತಿರುಗಿ, ಚೆನ್ನಾಗಿದೆ ಎಂದು ಹೆಬ್ಬೆರಳು ಎತ್ತಿದ. ನನ್ನ ಕಡೆ ತಿರುಗಿ, "ಸಪ್ಪೆ. ಒಸಿ ಉಪ್ಪು ಖಾರ ಬೇಕಾಗಿತ್ತು," ಎಂದ.

ಸಮುದ್ರದ ಕಡೆಯ ಹಳ್ಳಿ

ಕೊನೆಗೂ ಹುಳದ ಮನೆಗೆ ಕರೆದುಕೊಂಡು ಹೋದರು. ದಕ್ಷಿಣಕ್ಕೆ, ಸಮುದ್ರದ ಹತ್ತಿರದ ಹಳ್ಳಿ. ಹಿಪ್ಪುನೇರಳೆ ಗಿಡ ನೋಡಿದ ತಕ್ಷಣ ನನಗೆ ಜೀವ ಬಂದ ಹಾಗಾಯಿತು. ಎಲೆ ಮುಟ್ಟಿದೆ. ನಮ್ಮದಕ್ಕಿಂತ ಸ್ವಲ್ಪ ದಪ್ಪ, ರಸವೂ ಇದೆ. ಭಾಷೆ ಬಾರದ ದೇಶದಲ್ಲಿ ಮೊದಲ ಸಲ ನನಗೆ ಓದಲು ಬರುವ ವಸ್ತು ಸಿಕ್ಕಿತ್ತು.

ಮನೆಯೊಡತಿ ಒಬ್ಬ ಅಜ್ಜಿ. ಹಲ್ಮೊನಿ ಎಂದು ಕರೆಯಬೇಕಂತೆ, ಅವರಲ್ಲಿ ಅಜ್ಜಿ ಎಂದರ್ಥ. ಬಾಗಿಲಲ್ಲಿ ಕಂಪನಿಯ ಬೋರ್ಡು, ಒಳಗೆ ಬಿಳೀ ಗೋಡೆ, ಸಾಲು ತಟ್ಟೆ. ನಾಲ್ಕನೇ ಜ್ವರ ಕಳೆದ ಹುಳ. ಒಂದನ್ನು ಅಂಗೈ ಮೇಲೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಮೈ ಬಿಗಿಯಾಗಿತ್ತು, ತಣ್ಣಗಿತ್ತು, ಎಲ್ಲೂ ಊದಿಕೊಂಡಿರಲಿಲ್ಲ. ಸೊಪ್ಪು ಹಾಕಿದರೆ ಮುಗಿಬಿದ್ದು ತಿಂದವು. ಚೋಯ್ ತಾವೇ ಪಂಪು ಹಿಡಿದು ಸೊಪ್ಪಿನ ಮೇಲೆ ಬೆಳ್ಳಿ ನೀರು ಚಿಮುಕಿಸಿ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮ ಊರು ಉಳಿಯಿತು ಅಂದುಕೊಂಡೆ.

ಈ ಹುಳ ಗೂಡು ಕಟ್ಟುವುದು ಯಾವಾಗ ಎಂದು ಕೇಳಿದೆ. ಕಟ್ಟುವುದಿಲ್ಲವಂತೆ. ಗೂಡು ಕಟ್ಟುವ ಮೊದಲೇ ಹುಳವನ್ನು ಒಣಗಿಸಿ, ಪುಡಿ ಮಾಡಿ, ಸಕ್ಕರೆ ಕಾಯಿಲೆಯವರಿಗೆ ಮಾರುತ್ತಾರಂತೆ. ರೇಷ್ಮೆ ಈಗ ಲಾಭವಿಲ್ಲ ಎಂದರು ಚೋಯ್.

"ಹುಳ ಬೆಳ್ಳಿ ತಿಂತು, ಹುಳಾನ ಜನ ತಿಂದ್ರು," ಎಂದು ಪುಟ್ಟಸ್ವಾಮಿ ಲೆಕ್ಕ ಶುರುಮಾಡಿದ. ರಘು ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತರಲಿಲ್ಲ.

ಎಲ್ಲರೂ ಟೀಗೆ ಕೂತಾಗ ನಾನು ಮೂತ್ರಕ್ಕೆಂದು ಹಿತ್ತಲಿಗೆ ಹೋದೆ. ಅಲ್ಲಿ ಸುಣ್ಣದ ವಾಸನೆ ಬಂತು. ಕೊರಿಯಾದಲ್ಲಿ ಅಲ್ಲಿಯವರೆಗೆ ಎಲ್ಲೂ ಬಾರದಿದ್ದ ವಾಸನೆ. ಮೂಗು ಹೋದ ಕಡೆ ಹೋದೆ. ಹಿಂದೆ ಇನ್ನೊಂದು ಹುಳದ ಮನೆ. ಚಿಕ್ಕದು, ಹಳೇದು. ಹೊಸ್ತಿಲಿಗೆ ಅಡ್ಡವಾಗಿ ಸುಣ್ಣದ ಪುಡಿ ಹರವಿದ್ದರು, ಕಾಲು ತೊಳೆಯಲು ತೊಟ್ಟಿ, ತಟ್ಟೆಗಳ ಮೇಲೆ ತೆಳ್ಳಗೆ ಸುಣ್ಣ ಧೂಳಿಸಿದ್ದರು. ನಮ್ಮ ಅಕ್ಕೂರಿನಲ್ಲಿ ಮಾಡುವ ಹಾಗೆಯೇ. ಮೂಲೆಯಲ್ಲಿ, ಗೂಡು ಕಟ್ಟಲು ಹುಳ ಬಿಡುವ ನಮ್ಮ ಬಿದಿರಿನ ಚಂದ್ರಿಕೆಯಂಥ ಚೌಕಟ್ಟಿನಲ್ಲಿ ಕೆಲವು ಹುಳ ಗೂಡು ಕಟ್ಟುತ್ತಿದ್ದವು. ಪಂಪು ಇರಲಿಲ್ಲ, ಕ್ಯಾನು ಇರಲಿಲ್ಲ.

ಹಲ್ಮೊನಿ ಹಿಂದೆ ಬಂದು ನಿಂತಿದ್ದಳು. ನಾನು ಮುಂದಿನ ಮನೆಯ ಕಡೆ ಕೈ ತೋರಿಸಿ, ಪಂಪು ಹೊಡೆಯುವ ಹಾಗೆ ಮಾಡಿ, ಈ ಹುಳಗಳ ಕಡೆ ತಿರುಗಿ, ಇದಕ್ಕೆ? ಎಂದು ಹುಬ್ಬೆತ್ತಿದೆ. ಅವಳು ತಲೆ ಅಡ್ಡಡ್ಡ ಆಡಿಸಿದಳು. ಮುಂದಿನ ಮನೆಯ ಕಡೆ ಬೆರಳು ತೋರಿಸಿ ಚೋಯ್ ಎಂದಳು. ಈ ತಟ್ಟೆಗಳ ಕಡೆ ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಬಾಯಿ ಮುಚ್ಚಿಕೊಂಡಿರು ಎಂದು ಸನ್ನೆ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸೊಪ್ಪಿನ ಬುಟ್ಟಿಯ ಒಂದು ಕಡೆ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹುಳಕ್ಕೆ ಮೇವು ಹಾಕಿದೆವು.

ಬಸ್ಸಿನಲ್ಲಿ ಪುಟ್ಟಸ್ವಾಮಿಗೆ ಮೆಲ್ಲಗೆ ಹೇಳಿದೆ.

"ಮುಂದ್ಲ ಮನೆ ಹುಳ ಚೆನ್ನಾಗಿದ್ವೋ ಇಲ್ವೋ?" ಎಂದ.

"ಚೆನ್ನಾಗಿದ್ವು ಕಣ್ಲಾ."

"ಮತ್ತೆ ಅದ್ನೇ ಹೇಳು. ಸುಳ್ಳೇನಲ್ವಲ್ಲ."

"ಅವ್ಳ ಸ್ವಂತ ಹುಳಕ್ಕೆ ಅವ್ಳು ಹಾಕಿಲ್ವಲ್ಲೋ."

"ಅದ್ನ ಹೇಳಿದ್ರೆ ಆಯಮ್ಮನ್ನ ಕಂಪ್ನಿಯೋರು ಬುಟ್ಬುಡ್ತಾರಾ?" ಎಂದ. ಚಟ್ನಿಪುಡಿ ತೆಗೆದು ಬ್ರೆಡ್ಡಿಗೆ ಸವರಿಕೊಂಡ.

ಕ್ಯಾಮೆರಾ ಮುಂದೆ

ಹೊರಡುವ ಹಿಂದಿನ ದಿನ ಶೋರೂಮಿನ ಹುಲ್ಲಿನ ಮೇಲೆ ನನ್ನನ್ನು ನಿಲ್ಲಿಸಿ ಕ್ಯಾಮೆರಾ ಇಟ್ಟರು. ನನಗೆ ಪಂಚೆ ಉಡಿಸಿ, ಹೆಗಲಿಗೆ ಟವೆಲ್ ಹಾಕಿಸಿದರು. ಊರಲ್ಲಿ ನಾನು ಪ್ಯಾಂಟು ಹಾಕುವವನು. ಆ ಚಿತ್ರವನ್ನು ನಾಲ್ಕು ತಾಲೂಕಿನ ಹಳ್ಳಿಗಳಲ್ಲಿ ವ್ಯಾನಿನ ಮೇಲೆ ಟಿವಿ ಇಟ್ಟು ತೋರಿಸುವುದೆಂದು ರಘು ಹೇಳಿದ.

"ನೀವು ಹೇಳಬೇಕಾದ್ದು ಇಷ್ಟೇ ಗೌಡ್ರೆ. ಕೊರಿಯಾದಲ್ಲಿ ಕಣ್ಣಾರೆ ನೋಡಿದೆ. ಹುಳಕ್ಕೆ ಇದೇ ಔಷಧಿ. ನೀವೂ ಹಾಕಿ."

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಆ ಗಾಜಿನೊಳಗಿಂದ ನಿಂಗವ್ವ ನೋಡುತ್ತಾಳೆ ಎಂಬ ಯೋಚನೆ ಬಂತು.

"ನಾನು ಅಕ್ಕೂರಿನ ಚಾಕಿ ಶಿವಣ್ಣ," ಎಂದೆ. "ಕೊರಿಯಾದಲ್ಲಿ ಬೆಳ್ಳಿ ನೀರು ಹೊಡ್ದಿರೋ ಹುಳ ನೋಡ್ದೆ. ಚೆನ್ನಾಗವೆ. ಆದ್ರೆ ಅವು ಗೂಡು ಕಟ್ಟದ್ನ ನಾನು ನೋಡ್ನಿಲ್ಲ. ಈಗ ಊರಿಗ್ ಬತ್ತೀನಿ. ಮೊದ್ಲು ನಮ್ ಮನೆ ತಟ್ಟೆಗೆ ಹಾಕ್ತೀನಿ. ಅದು ಗೂಡು ಕಟ್ಟುದ್ರೆ ನೀವು ಹಾಕಿ. ಅಲ್ಲೀಗಂಟ ಯಾರೂ ಹಾಕ್ಬ್ಯಾಡಿ."

ನಾನು ಏನು ಹೇಳಿದೆನೆಂದು ಚೋಯ್ ಕೇಳಿದರು. ರಘು ಎರಡೇ ಮಾತಿನಲ್ಲಿ ಅನುವಾದ ಮಾಡಿದ. ಚೋಯ್ ಸಂತೋಷದಿಂದ ಚಪ್ಪಾಳೆ ತಟ್ಟಿ, ನನಗೆ ಒಂದು ಕ್ಯಾನು ಬೆಳ್ಳಿ ನೀರು ಉಡುಗೊರೆ ಕೊಟ್ಟು ಬಾಗಿದರು. ಈ ಸಲ ಬಾಗುವುದನ್ನು ಮೊದಲು ನಿಲ್ಲಿಸಿದವನು ನಾನು.

"ಇಷ್ಟು ದೂರ ಕರ್ಕೊಂಡು ಬಂದದ್ದು ಇದನ್ನ ಹೇಳಿಸೋಕಾ ಗೌಡ್ರೆ?" ಎಂದ ರಘು. ವಿಮಾನ ಹತ್ತಿದ ಕೂಡಲೇ ಮತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ.

ಅಕ್ಕೂರು

ಮನೆಗೆ ಬಂದಾಗ ಜಯಮ್ಮ ಮರಿಗಳನ್ನು ಎರಡನೇ ಜ್ವರಕ್ಕೆ ಕೂರಿಸಿದ್ದಳು. ನಾನಿಲ್ಲದಾಗ ತಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಸುಣ್ಣ ಬ್ಲೀಚಿಂಗ್ ಎರಡೂ ಹೊಡೆದು, ಗೋಡೆ ಬಿರುಕಿಗೆ ಸಿಮೆಂಟು ಹಚ್ಚಿಸಿದ್ದಳು. ಕೊರಿಯಾ ಹೇಗಿತ್ತು ಎಂದು ಕೇಳಿದ್ದು ಮರಿ ಎದ್ದು ಹಂಚಿ ಆದ ಮೇಲೆ.

ಮನೆ ತಟ್ಟೆಯ ಸೊಪ್ಪಿಗೆ ಬೆಳ್ಳಿ ನೀರು ಹಾಕುತ್ತೇನೆ ಎಂದಾಗ ಮುಖ ಸಿಂಡರಿಸಿದಳು.

"ಬೇರೆ ತಟ್ಟೆ ಮಡಿಕಂಡು ಅದಕ್ಕಾಕ್ರಿ. ಮನೆ ತಟ್ಟೆ ಯಾಕೆ?"

"ಬೇರೆ ತಟ್ಟೆ ಸತ್ರೆ ನಿಮ್ಗೇನು ನಷ್ಟ ಅಂತಾರೆ ಜನ. ಮನೆ ತಟ್ಟೆಗೆ ಹಾಕ್ತೀನಿ ಅಂತ ಕ್ಯಾಮೆರಾ ಮುಂದೆ ಹೇಳ್ಬುಟ್ಟಿವ್ನಿ."

ನಾನು ರಘು ಹೇಳಿದ ಅಳತೆಯಂತೆಯೇ ಚಿಮುಕಿಸಿ, ಸೊಪ್ಪು ಆರಿಸಿ ಹಾಕಿದೆ. ಉಳಿದವರ ಮನೆಗಳಲ್ಲಿ ಹಳೇ ಸುಣ್ಣವೇ. ಬೀದಿಯವರು ಕಿಟಕಿಯಲ್ಲಿ ಬಂದು ಇಣುಕಿ, ಬೆಳ್ಳಿ ಹುಳ ಎದ್ದವಾ ಎಂದು ನಗುತ್ತಿದ್ದರು. ನಿಂಗವ್ವ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದಾಗ ಕಿಟಕಿಯ ಹತ್ತಿರ ನಿಂತು ನೋಡಿಕೊಂಡು ಹೋಗುತ್ತಿದ್ದಳು.

ಮೂರನೇ ಜ್ವರ ಕಳೆಯಿತು. ನಾಲ್ಕನೆಯದೂ ಕಳೆಯಿತು. ಇನ್ನೇನು ಹುಳ ಹಣ್ಣಾಗಿ ಗೂಡಿಗೆ ನೂಲು ಬಿಡಬೇಕು, ಮನೆ ತಟ್ಟೆಯ ಹುಳಗಳು ಸೊಪ್ಪು ಮುಟ್ಟುವುದನ್ನು ಬಿಟ್ಟವು. ಆ ವಯಸ್ಸಿನಲ್ಲಿ ಜ್ವರವಿಲ್ಲ, ಆದರೂ ತಲೆ ಎತ್ತಿಕೊಂಡು ಕೂತವು. ಮಾರನೇ ಬೆಳಿಗ್ಗೆ ನೋಡಿದರೆ ಎಲ್ಲವೂ ಮೆತ್ತಗಾಗಿ ಸತ್ತುಬಿದ್ದಿದ್ದವು. ಬೆಳ್ಳಿಯೋ, ಸೊಪ್ಪಿನಲ್ಲಿ ಉಳಿದ ತೇವವೋ, ಕೈತಪ್ಪಿ ಹೆಚ್ಚು ಹಾಕಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಾಲುತೊಂಡೆಯಂತೂ ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ದುಃಖವಾಗಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನಿಸಿತು. ನನ್ನನ್ನು ಅಷ್ಟು ದೂರ ಕರೆದುಕೊಂಡು ಹೋದವರಿಗೆ ಮೊದಲು ಹೇಳುವುದು ಮರ್ಯಾದೆ ಎಂದುಕೊಂಡು, ಜಯಮ್ಮ ಸೊಪ್ಪಿಗೆ ಹೋಗಿದ್ದ ಹೊತ್ತಿನಲ್ಲೇ ಪ್ಯಾಂಟು ಏರಿಸಿ ಹಾರೋಹಳ್ಳಿ ಬಸ್ಸು ಹಿಡಿದೆ. ಕಿಟಕಿ ಮುಚ್ಚಬೇಕೆಂದು ಹೊಳೆಯಲೇ ಇಲ್ಲ.

ಹಾರೋಹಳ್ಳಿಗೆ ಹೋಗಿ ಬಂದ ದಿನ

ರಘು ಶೆಡ್ಡಿನಲ್ಲಿ ಕ್ಯಾನುಗಳ ನಡುವೆ ಕೂತಿದ್ದ. ಪೂರ್ತಿ ಕೇಳಿಸಿಕೊಂಡ. ಒಂದು ತಟ್ಟೆಯಿಂದ ಏನೂ ಸಾಬೀತಾಗುವುದಿಲ್ಲ ಎಂದ. ಅದು ಸರಿಯಾದ ಮಾತೇ. ನಾನೂ ಹೌದು ಎಂದೆ. ಟೀ ಕುಡಿದು, ಎರಡು ಬಸ್ಸು ಬದಲಾಯಿಸಿ ಸಂಜೆಗೆ ಊರು ಸೇರಿದೆ.

ಬೀದಿಯ ತುದಿಗೇ ಸುಣ್ಣದ ವಾಸನೆ ಬಂತು. ಜಯಮ್ಮ ಜಗಲಿಯ ಮೇಲೆ ತಲೆಗೆದರಿಕೊಂಡು ಕೂತಿದ್ದಳು, ಗಂಟಲು ಕಟ್ಟಿಹೋಗಿತ್ತು. ಸೊಪ್ಪು ಹೊತ್ತು ಬಂದವಳು ನೋಡಿದರೆ ಕಿಟಕಿಯ ಮುಂದೆ ಜನ, ಊರಲ್ಲೆಲ್ಲ ಗುಂಡಿ ತೋಡುವ ಸದ್ದು. ಮನೆ ತಟ್ಟೆ ಸತ್ತೋಯ್ತು ಎಂಬ ಸುದ್ದಿ ಹಬ್ಬಿಬಿಟ್ಟಿತ್ತು. ಸತ್ತದ್ದು ಬೆಳ್ಳಿ ಹಾಕಿದ್ದು ಮಾತ್ರ, ನಿಮ್ಮ ಹುಳ ಬೇರೆ, ಗುಂಡಿಗೆ ಹಾಕ್ಬ್ಯಾಡಿ ಎಂದು ಮನೆಮನೆ ಬಾಗಿಲಿಗೆ ಓಡಿ ಕೂಗಿದ್ದಳು. ಗುಂಡಿ ತೋಡಿದವರು ಅಷ್ಟಕ್ಕೇ ನಿಲ್ಲಿಸಿದ್ದರು.

"ನಿಂಗವ್ವ?" ಎಂದೆ.

ಜಯಮ್ಮ ತಲೆ ಎತ್ತಲಿಲ್ಲ. ನಿಂಗವ್ವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಿಟಕಿ ನೋಡಿದವಳು. ಹೊಲದ ಮನೆಗೆ ಜಯಮ್ಮ ತಲುಪುವ ಹೊತ್ತಿಗೆ ಹುಳವೆಲ್ಲ ಗುಂಡಿ ಸೇರಿತ್ತು.

ನಾನು ಹೋದಾಗ ನಿಂಗವ್ವ ಖಾಲಿ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಗುಂಡಿಯ ಮೇಲೆ ಸುಣ್ಣ ಬೆಳ್ಳಗಿತ್ತು.

"ನಿನ್ ಹುಳ ಹೆಂಗಿದ್ವು ನಿಂಗವ್ವ?"

"ಚೆನ್ನಾಗೇ ಇದ್ವು ಕಣಪ್ಪ. ಒಂದೊಂದು ಹಣ್ಣಾಗಿ ನೂಲು ಬುಡ್ತಿದ್ವು."

"ಮತ್ಯಾಕೆ ಗುಂಡಿಗಾಕ್ದೆ?"

"ನಿನ್ ತಟ್ಟೆ ಸತ್ತಿತ್ತಲ್ಲ." ಬಕೀಟಿನ ನೀರು ಚೆಲ್ಲಿದಳು. "ನಂಗೆ ವಯಸ್ಸಾಯ್ತು, ಕಣ್ಣು ಮಂಜು. ನನ್ ಕಣ್ಗೆ ಚೆನ್ನಾಗ್ ಕಂಡ್ರೂ ರೋಗ ಇರ್ತದೆ ಅಂದ್ಕಂಡೆ. ನಿಮ್ಮಪ್ಪನ ಕಾಲದಿಂದ್ಲೂ ಆ ತಟ್ಟೆ ಸುಳ್ಳೇಳಿದ್ದಿಲ್ಲ."

"ಬೆಳ್ಳಿ ಹಾಕಿದ್ದು ನಿಂಗೆ ಗೊತ್ತಿತ್ತಲ್ಲ."

"ಬೆಳ್ಳಿ ಔಷ್ದಿ ಅಂತ ನೀನೇ ಅಂದಿದ್ದೆ. ಔಷ್ದಿ ಹಾಕಿದ್ದೇ ಸತ್ತದೆ ಅಂದ್ರೆ, ಹಾಕ್ದೇ ಇರೋದು ಉಳೀತದಾ?"

ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ತಟ್ಟೆ ತೊಳೆಯುವುದನ್ನು ಮುಗಿಸಿ, ಕತ್ತಲಾಗುವ ಮೊದಲು ಮನೆಗೆ ಹೋಗು ಎಂದಳು.

ಉಳಿದವರ ಹುಳಗಳೆಲ್ಲ ಗೂಡು ಕಟ್ಟಿದವು. ಈಚಿನ ವರ್ಷಗಳಲ್ಲಿ ಅಂಥ ಬೆಳೆ ಬಂದಿರಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮೂರಿನ ಗೂಡು ಕೈಗೆತ್ತಿಕೊಂಡು ನೋಡಿದವರು ಕೆಳಗಿಡಲಿಲ್ಲವಂತೆ. ಮಾಗಡಿ ಕಡೆ ಹೋಗಿದ್ದವರು ಒಬ್ಬೊಬ್ಬರಾಗಿ ವಾಪಸು ಬಂದರು. ಕೇಂದ್ರ ಉಳಿಯಿತು. ನನಗೆ ಬೇಕಾಗಿದ್ದು ಅದೇ, ಸಿಕ್ಕಾಗ ಮಾತ್ರ ನಿಂಗವ್ವನ ಹೊಲದ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟೆ.

ಮುಂದಿನ ಬೆಳೆಯ ಮರಿ ಹಂಚುವ ದಿನ ನಿಂಗವ್ವ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗೂ ಕೊಟ್ಟು ಮುಗಿಯುವ ಹೊತ್ತಿಗೆ ಬಂದಳು. ತನ್ನ ಪಾಲಿನ ಮರಿ ತೆಗೆದುಕೊಂಡು ಜಯಮ್ಮನ ಕೈಯಲ್ಲಿ ವೀಳ್ಯದೆಲೆ ಇಸಿದುಕೊಂಡಳು. ಆಮೇಲೆ ಕಿಟಕಿಯ ಕೋಣೆಗೆ ಹೋಗಿ ಮನೆ ತಟ್ಟೆಯ ಮುಂದೆ ನಿಂತಳು.

"ಇದ್ನೂ ಎತ್ಕಳಪ್ಪ," ಎಂದಳು.

"ಅದು ಮನೆ ತಟ್ಟೆ ನಿಂಗವ್ವ."

"ಗೊತ್ತು. ಇನ್ಮೇಲೆ ನಮ್ಮನೇಲಿರ್ಲಿ. ಸಾಕದು ನಾನು, ದಿನಾ ಬಂದು ನೋಡ್ಕಂಡೋಗದು ನೀನು."

ಜಯಮ್ಮ ನನ್ನ ಮುಖ ನೋಡಿದಳು. ಜಗಲಿಯಲ್ಲಿ ಮರಿ ಹಿಡಿದು ನಿಂತಿದ್ದವರು ಸರಿದು ದಾರಿ ಬಿಟ್ಟರು. ನಾನು ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು, ಬೀದಿಯುದ್ದಕ್ಕೂ ನಿಂಗವ್ವನ ಹಿಂದೆ ನಡೆದೆ.